ಸಂತ ಅನ್ನಮ್ಮನವರ ತೊಡೆಯ ಮೇಲಿನ ಪುಸ್ತಕ

(ಜುಲೈ 26, ಸಂತ ಜೋವಾಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬದಂದು ವೈಯಾಲಿಕಾವಲಿನ ಕುಟುಂಬಗಳಿಗೆ ನೀಡಿದ ಪ್ರಬೋಧನೆ)



ಇಂದು ನಾವು ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋವಾಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬವನ್ನು ಆಚರಿಸುತ್ತಿದ್ದೇವೆ. ಇವರಿಬ್ಬರ ಹೆಸರು ಪವಿತ್ರ ಬೈಬಲಿನಲ್ಲಿ ಎಲ್ಲಿಯೂ ಬರುವುದಿಲ್ಲ. ಎರಡನೇ ಶತಮಾನದ ಒಂದು ಹಳೆಯ ಬರಹದಿಂದಲೂ ಧರ್ಮಸಭೆಯ ಪರಂಪರೆಯಿಂದಲೂ ಆ ಹೆಸರುಗಳು ನಮಗೆ ತಿಳಿದುಬಂದಿವೆ. ಅನ್ನಮ್ಮನವರು ಯಾವ ಅದ್ಭುತ ಮಾಡಿದರು, ಯಾವ ಮಾತು ಆಡಿದರು ಎಂಬುದಕ್ಕೆ ಶುಭಸಂದೇಶದಲ್ಲಿ ಒಂದು ಸಾಲೂ ಇಲ್ಲ. ಆದರೂ ಮಧ್ಯಯುಗದ ಯುರೋಪಿನ ಚಿತ್ರಕಾರರು ಅವರನ್ನು ಒಂದು ವಿಶೇಷ ರೀತಿಯಲ್ಲಿ ಚಿತ್ರಿಸತೊಡಗಿದರು. ತಾಯಿ ಕುಳಿತಿದ್ದಾರೆ. ತೊಡೆಯ ಮೇಲೆ ಪುಸ್ತಕವೊಂದು ತೆರೆದಿದೆ. ಪಕ್ಕದಲ್ಲಿ ಪುಟ್ಟ ಬಾಲಕಿ ಮರಿಯಮ್ಮ ನಿಂತು ಅಕ್ಷರಗಳ ಮೇಲೆ ಕಣ್ಣು ನೆಟ್ಟಿದ್ದಾರೆ. ಇಂದಿಗೂ ಅನೇಕ ದೇವಾಲಯಗಳಲ್ಲಿ ಈ ಚಿತ್ರವನ್ನೂ ಈ ಸ್ವರೂಪವನ್ನೂ ಕಾಣಬಹುದು.

ಈ ಚಿತ್ರದಲ್ಲಿ ಬೆತ್ತವಿಲ್ಲ, ಕಪ್ಪು ಹಲಗೆಯಿಲ್ಲ, ಗಡಿಯಾರವಿಲ್ಲ. ಒಬ್ಬ ತಾಯಿ, ಒಂದು ಮಗು, ಅವರಿಬ್ಬರ ನಡುವೆ ಒಂದು ಪುಸ್ತಕ. ಕಲಿಕೆ ಎಂದರೆ ಮಗುವಿಗೆ ತಾಯಿಯ ಮೈಗೆ ಒರಗಿ ನಿಲ್ಲುವ ಸುಖವೂ ಹೌದು ಎಂದು ಆ ಚಿತ್ರಕಾರರು ತಿಳಿದಿದ್ದರು. ನಮ್ಮ ಮನೆಗಳಲ್ಲಿ ಇಂದು ಸಂಜೆ ಹೊತ್ತು ಆ ಸುಖ ಉಳಿದಿದೆಯೇ? ಈ ಹಬ್ಬದ ದಿನ ನಾವೆಲ್ಲರೂ ಈ ಪ್ರಶ್ನೆಯನ್ನು ಕೇಳಿಕೊಳ್ಳೋಣ.

ಜೂನ್ ತಿಂಗಳಲ್ಲಿ ಶಾಲೆಗಳು ತೆರೆದವು. ನಮ್ಮ ಧರ್ಮಕೇಂದ್ರದ ಎಷ್ಟೋ ಪುಟಾಣಿಗಳು ಮೊದಲ ಬಾರಿಗೆ 1ನೇ ತರಗತಿಯ ಬೆಂಚಿನ ಮೇಲೆ ಕುಳಿತಿದ್ದಾರೆ. ಇನ್ನು ಕೆಲವರು 2ನೇ, 3ನೇ ತರಗತಿಯಲ್ಲಿದ್ದಾರೆ. ವೈಯಾಲಿಕಾವಲಿನ ಕ್ರಾಸುಗಳಲ್ಲಿ, ಗುಟ್ಟಹಳ್ಳಿಯ ವಠಾರಗಳಲ್ಲಿ ಮನೆ ಭೇಟಿಗೆ ಹೋದಾಗ ನಾವು ಕೇಳುವುದು ಸಾಮಾನ್ಯವಾಗಿ ಮೂರೇ ಮಾತು. ಮೊದಲನೆಯದು, "ಇವನು ಓದೋದೇ ಇಲ್ಲ ಫಾದರ್, ಬರೀ ಆಟ." ಎರಡನೆಯದು, "ನಮಗೇ ಓದು ಬರಲ್ಲ ಫಾದರ್, ಅದರಲ್ಲೂ ಇಂಗ್ಲಿಷು. ನಾವೇನು ಹೇಳಿಕೊಡೋದು?" ಮೂರನೆಯದು, "ಟೈಮೇ ಇಲ್ಲ ಫಾದರ್." ಆರು ವರ್ಷದ ಮಗು ಸಂಜೆ ಶಾಲೆಯಿಂದ ಬಂದು, ಮುಖ ತೊಳೆದು, ಮತ್ತೆ ಟ್ಯೂಷನ್ನಿಗೆ ಹೋಗಿ, ರಾತ್ರಿ ಎಂಟಕ್ಕೆ ಅಪ್ಪನ ಹೆಗಲ ಮೇಲೆ ನಿದ್ದೆ ಮಾಡುತ್ತಾ ಮನೆಗೆ ಬರುವುದನ್ನು ನಾವು ನೋಡಿದ್ದೇವೆ. ಕಷ್ಟಪಟ್ಟು ದುಡಿದ ಹಣದಲ್ಲಿ ಆ ಟ್ಯೂಷನ್ನಿನ ಫೀಜು ಕಟ್ಟುವ ತಾಯಂದಿರನ್ನೂ ಬಲ್ಲೆವು. ಅವರ ಆಸೆ ದೊಡ್ಡದು, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದುದರಿಂದ ಆ ಮೂರು ಮಾತುಗಳನ್ನೂ ಒಂದೊಂದಾಗಿ ಎತ್ತಿಕೊಳ್ಳೋಣ.

ಮೊದಲನೆಯದು: "ಓದೋದೇ ಇಲ್ಲ, ಬರೀ ಆಟ." ಪ್ರಿಯರೇ, ಈ ವಯಸ್ಸಿನ ಮಗುವಿಗೆ ಆಟವೂ ಓದೂ ಬೇರೆ ಬೇರೆ ಅಲ್ಲ. ಇದನ್ನು ಸರ್ಕಾರವೂ ಒಪ್ಪಿದೆ. 2019ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಆದೇಶದ ಪ್ರಕಾರ 1 ಮತ್ತು 2ನೇ ತರಗತಿಯ ಮಗುವಿನ ಶಾಲಾ ಚೀಲದ ತೂಕ 2 ಕಿಲೋ ಮೀರಬಾರದು. ಆ ಎರಡು ತರಗತಿಗಳಿಗೆ ಹೋಂವರ್ಕ್ ಕೊಡಲೂಬಾರದು. ಅದಕ್ಕೂ ಬಹಳ ಮೊದಲೇ, 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಯುನಿಸೆಫ್ ನೆರವಿನೊಂದಿಗೆ 'ನಲಿ-ಕಲಿ' ಎಂಬ ಪದ್ಧತಿಯನ್ನು ಆರಂಭಿಸಿದರು. ಅದಕ್ಕೆ ಮುನ್ನ ಅವರು ಆಂಧ್ರದ ರಿಷಿ ವ್ಯಾಲಿ ಶಾಲೆಯ ಪ್ರಯೋಗಗಳನ್ನು ಕಣ್ಣಾರೆ ಕಂಡು ಬಂದಿದ್ದರು. ನಲಿ-ಕಲಿಯಲ್ಲಿ ಮಕ್ಕಳು ಸಾಲಾಗಿ ಕೂರುವುದಿಲ್ಲ, ಗುಂಪುಗಳಲ್ಲಿ ನೆಲದ ಮೇಲೆ ಕೂರುತ್ತಾರೆ. ಕಾರ್ಡುಗಳು, ಹಾಡು, ಕಥೆ, ಆಟಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಹೋಗುತ್ತಾರೆ. 2009-10ರಲ್ಲಿ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು.

ಅದರಲ್ಲಿ ಒಂದು ಜಾಣತನವಿದೆ. ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳು. ಅ ಆ ಇ ಈ ಎಂದು ಅಷ್ಟನ್ನೂ ಬಾಯಿಪಾಠ ಮಾಡಿಸಿ ಆಮೇಲೆ ಪದಕ್ಕೆ ಬರುವುದು ಹಳೆಯ ಕ್ರಮ. ನಲಿ-ಕಲಿ ಆರಂಭವಾಗುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ. ಬರೆಯಲು ಸುಲಭ, ಒಂದಕ್ಕೊಂದು ಆಕಾರದಲ್ಲಿ ಹತ್ತಿರ. ಐದೇ ಅಕ್ಷರ ಕಲಿತ ಮಗು ಅಂದೇ ಸರ, ರಸ, ದರ, ಅಗಸ, ಅರಸ, ಗರಗಸ, ದಸರ ಎಂದು ಓದಬಲ್ಲದು. 'ನನಗೆ ಓದಲು ಬರುತ್ತದೆ' ಎಂಬ ಧೈರ್ಯ ಮೊದಲ ವಾರದಲ್ಲೇ ಹುಟ್ಟುತ್ತದೆ.

ಇದನ್ನು ನಾವು ಮನೆಯಲ್ಲಿ ಮಾಡಲಾಗದೇ? ಹಳೆಯ ಲಗ್ನಪತ್ರಿಕೆಯ ಹಿಂಬದಿಯನ್ನು ಚೌಕ ಚೌಕವಾಗಿ ಕತ್ತರಿಸಿ. ಒಂದೊಂದು ಚೀಟಿಯ ಮೇಲೆ ಒಂದೊಂದು ಅಕ್ಷರವನ್ನು ದಪ್ಪವಾಗಿ ಬರೆಯಿರಿ. ಮಗು ಚೀಟಿ ಜೋಡಿಸಲಿ, ಪದ ಕಟ್ಟಲಿ, ಕೆಡಿಸಲಿ, ಮತ್ತೆ ಕಟ್ಟಲಿ. ಅರ್ಥವಿಲ್ಲದ ಪದ ಕಟ್ಟಿದರೆ ನಗಲಿ, ನೀವೂ ಜೊತೆಗೆ ನಗಿರಿ. ಊಟದ ತಟ್ಟೆಯಲ್ಲಿ ಒಂದು ಹಿಡಿ ಅಕ್ಕಿಯನ್ನೋ ರಾಗಿಯನ್ನೋ ಹರಡಿ ಬೆರಳಿನಿಂದ ಅಕ್ಷರ ಬರೆಸಿ. ನಮ್ಮ ಹಿರಿಯರು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿತವರೇ. ಡಾ. ಮರಿಯಾ ಮಾಂಟೆಸ್ಸೊರಿ ಅವರ ಹೆಸರು ನೀವೆಲ್ಲ ಕೇಳಿದ್ದೀರಿ. ಇಟಲಿಯ ಈ ಕಥೋಲಿಕ ವೈದ್ಯೆ 1907ರ ಜನವರಿ 6ರಂದು, ಅಂದರೆ ಮೂರು ರಾಯರ ಹಬ್ಬದ ದಿನ, ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡಾವಣೆಯಲ್ಲಿ ಕೂಲಿಕಾರರ ಮಕ್ಕಳಿಗಾಗಿ ತಮ್ಮ ಮೊದಲ 'ಮಕ್ಕಳ ಮನೆ'ಯನ್ನು ತೆರೆದರು. ಮರಳುಕಾಗದದ ಅಕ್ಷರಗಳನ್ನು ಮಕ್ಕಳು ಬೆರಳಿನಿಂದ ತಡವಿ ಕಲಿಯುವಂತೆ ಮಾಡಿದರು. ನೀರು ಸುರಿಯುವುದು, ಗುಂಡಿ ಹಾಕಿಕೊಳ್ಳುವುದು, ಗುಡಿಸುವುದು ಇವೆಲ್ಲ ಅಲ್ಲಿ ಪಾಠಗಳೇ ಆಗಿದ್ದವು. 1939ರಲ್ಲಿ ಅವರು ನಮ್ಮ ದೇಶಕ್ಕೆ ಬಂದು, ಯುದ್ಧದ ವರ್ಷಗಳನ್ನು ಇಲ್ಲಿಯೇ ಕಳೆದು, ನೂರಾರು ಶಿಕ್ಷಕರನ್ನು ತಯಾರು ಮಾಡಿದರು. ಈಗ ಅವರ ಹೆಸರಿನ ಶಾಲೆಗಳಲ್ಲಿ ದೊಡ್ಡ ದೊಡ್ಡ ಫೀಜು. ಆದರೆ ಅವರು ಮೊದಲು ಕೈಹಿಡಿದದ್ದು ಬಡವರ ಮಕ್ಕಳನ್ನು ಎಂಬುದು ನಮಗೆ ನೆನಪಿರಲಿ. ಅಕ್ಕಿಯ ತಟ್ಟೆಗೆ ಫೀಜಿಲ್ಲ.

2ನೇ ತರಗತಿಗೆ ಬಂದ ಮಗುವಿಗೆ ತೊಡಕಾಗುವುದು ಒತ್ತಕ್ಷರ. ಇದಕ್ಕೊಂದು ಬೇಟೆ ಆಟವಿದೆ. ದಿನಪತ್ರಿಕೆಯ ದೊಡ್ಡ ತಲೆಬರಹಗಳನ್ನು ಮಗುವಿನ ಮುಂದಿಡಿ, ಕೈಗೆ ಪೆನ್ಸಿಲ್ ಕೊಡಿ. ಒತ್ತು ಸಿಕ್ಕಲ್ಲೆಲ್ಲಾ ಸುತ್ತ ಗೆರೆ ಎಳೆಯಲಿ. ಆಮೇಲೆ ಊರ ಹೆಸರುಗಳಿಗೆ ಬನ್ನಿ. 'ಮಲ್ಲೇಶ್ವರ'ದಲ್ಲಿ ಎಷ್ಟು ಒತ್ತು? ಎರಡು. 'ಗುಟ್ಟಹಳ್ಳಿ'ಯಲ್ಲಿ? ಅಲ್ಲಿಯೂ ಎರಡು. 'ವೈಯಾಲಿಕಾವಲ್'ನಲ್ಲಿ? ಒಂದೂ ಇಲ್ಲ! ನಮ್ಮೂರಿನ ಹೆಸರು ಉದ್ದವಾದರೂ ಸುಲಭ ಎಂದು ಮಗುವಿಗೆ ಖುಷಿಯಾಗುತ್ತದೆ. ಆಗ ಆ ಹೆಸರಿನ ಅರ್ಥವನ್ನೂ ಹೇಳಿ. ಹಳೆಯ ಕನ್ನಡದಲ್ಲಿ ವೈಯಾಳಿ ಎಂದರೆ ಕುದುರೆ ಸವಾರಿ, ಕಾವಲು ಎಂದರೆ ಹುಲ್ಲುಗಾವಲು. ನಾವು ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುವ ಈ ಬೀದಿಯ ಹೆಸರಿನೊಳಗೆ ಕುದುರೆಗಳು ಓಡುತ್ತಿವೆ ಎಂದರೆ ಯಾವ ಮಗುವಿನ ಕಣ್ಣು ಅರಳುವುದಿಲ್ಲ?

ಎರಡನೆಯ ಮಾತು: "ನಮಗೇ ಓದು ಬರಲ್ಲ ಫಾದರ್." ಇದನ್ನು ಹೇಳುವಾಗ ಎಷ್ಟೋ ತಾಯಂದಿರು ತಲೆ ತಗ್ಗಿಸುತ್ತಾರೆ. ದಯವಿಟ್ಟು ತಲೆ ತಗ್ಗಿಸಬೇಡಿ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯು ಶಿಕ್ಷಣದ ಕುರಿತು ಹೊರಡಿಸಿದ ಘೋಷಣೆಯಲ್ಲಿ ಮಕ್ಕಳ ಮೊಟ್ಟಮೊದಲ ಮತ್ತು ಪ್ರಮುಖ ಶಿಕ್ಷಕರು ತಂದೆತಾಯಿಗಳೇ ಎಂದು ಸಾರಿತು. ಓದಿದ ತಂದೆತಾಯಿಗಳು ಎಂದು ಅಲ್ಲಿ ಹೇಳಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವರು ಎಂದೂ ಹೇಳಿಲ್ಲ.

ಮನೆಯ ಬೆಲೆ ಎಷ್ಟು ಎಂಬುದನ್ನು ಕೊರೊನಾ ಕಾಲ ನಮಗೆ ತೋರಿಸಿಕೊಟ್ಟಿತು. 2020ರ ಮಾರ್ಚ್ ತಿಂಗಳಲ್ಲಿ ಮುಚ್ಚಿದ ಶಾಲೆಗಳು ನಮ್ಮ ರಾಜ್ಯದಲ್ಲಿ 1ರಿಂದ 5ನೇ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ 2020ರ ಆಗಸ್ಟ್‌ನಲ್ಲಿ 'ವಿದ್ಯಾಗಮ' ಎಂಬ ಯೋಜನೆಯಡಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಜಗಲಿ, ಮರದ ನೆರಳುಗಳಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅದೂ ಅಕ್ಟೋಬರ್‌ನಲ್ಲಿ ನಿಂತಿತು. ಒಂದೂವರೆ ವರ್ಷಕ್ಕೂ ಮಿಕ್ಕಿ ಆರೇಳು ವರ್ಷದ ಮಕ್ಕಳಿಗೆ ಮನೆಯೊಂದೇ ಶಾಲೆಯಾಗಿತ್ತು. ಕಲಿತದ್ದು ಮರೆತುಹೋದ ಮಕ್ಕಳಿಗಾಗಿ ಸರ್ಕಾರ 2022-23ನೇ ವರ್ಷವನ್ನು 'ಕಲಿಕಾ ಚೇತರಿಕೆ'ಯ ವರ್ಷವೆಂದು ನಡೆಸಬೇಕಾಯಿತು. ಆ ದಿನಗಳಲ್ಲಿ ಸ್ಮಾರ್ಟ್ ಫೋನ್ ಇದ್ದ ಮನೆ, ಇಲ್ಲದ ಮನೆ ಎಂಬ ಭೇದ ಎಲ್ಲರ ಕಣ್ಣಿಗೆ ಬಿತ್ತು. ಕಣ್ಣಿಗೆ ಬೀಳದ ಇನ್ನೊಂದು ಭೇದವೂ ಇತ್ತು. ಮಗುವಿನ ಜೊತೆ ಮಾತನಾಡುವ ಮನೆ, ಮಾತನಾಡದ ಮನೆ.

ಓದು ಬಾರದ ತಾಯಿ ಮಾಡಬಹುದಾದ ಕೆಲಸ ಇದು. ಮಗುವಿನ ಕೈಗೆ ಪುಸ್ತಕ ಕೊಟ್ಟು, "ನಂಗೆ ಓದಿ ಹೇಳು ಕಂದ, ಅಮ್ಮನಿಗೆ ಕೇಳ್ಬೇಕು" ಎನ್ನಿ. ಮಗು ತಡವರಿಸಲಿ, ಕಾಯಿರಿ. ಮುಗಿದ ಮೇಲೆ "ಆಮೇಲೇನಾಯ್ತು? ಅವನ್ಯಾಕೆ ಹಾಗೆ ಮಾಡಿದ?" ಎಂದು ಕೇಳಿ. ಇಷ್ಟೇ. ಓದಲು ಬಾಯಿ ಹೇಗೆ ಬೇಕೋ ಹಾಗೆಯೇ ಕೇಳುವ ಕಿವಿಯೂ ಬೇಕು. ತರಗತಿಯಲ್ಲಿ ಮೂವತ್ತು, ನಲವತ್ತು ಮಕ್ಕಳಿರುವಾಗ ಟೀಚರಿಗೆ ಒಂದೊಂದು ಮಗುವಿಗೂ ಹತ್ತು ನಿಮಿಷ ಕಿವಿ ಕೊಡಲಾಗದು. ಆ ಕಿವಿ ಇರುವುದು ಮನೆಯಲ್ಲಿ ಮಾತ್ರ. ಅಮ್ಮನಿಗೆ ತಾನು ಓದಿ ಹೇಳಬಲ್ಲೆ ಎಂಬ ಹೆಮ್ಮೆಯನ್ನು ಯಾವ ಟ್ಯೂಷನ್ನೂ ಕೊಡಲಾರದು.

ಇನ್ನು ಭಾಷೆಯ ಮಾತು. ನಮ್ಮ ಧರ್ಮಕೇಂದ್ರಗಳಲ್ಲಿ ಕನ್ನಡ, ತಮಿಳು, ಕೊಂಕಣಿ, ತೆಲುಗು, ಮಲಯಾಳ ಆಡುವ ಕುಟುಂಬಗಳಿವೆ. ಹೆಚ್ಚಿನ ಮಕ್ಕಳು ಹೋಗುವುದು ಇಂಗ್ಲಿಷ್ ಮಾಧ್ಯಮದ ಶಾಲೆಗೆ. "ಮನೇಲೂ ಇಂಗ್ಲಿಷಲ್ಲೇ ಮಾತಾಡಿ" ಎಂದು ಯಾರೋ ಹೇಳಿದರೆಂದು ಎಷ್ಟೋ ತಾಯಂದಿರು ಮಗುವಿನೊಡನೆ 'ಕಮ್', 'ಸಿಟ್', 'ಈಟ್' ಎಂಬ ಮೂರು ಪದಗಳಲ್ಲಿ ದಿನ ಕಳೆಯುತ್ತಾರೆ. ಕಥೆ ಇಲ್ಲ, ಒಗಟಿಲ್ಲ, ತಮಾಷೆಯಿಲ್ಲ. ಮಗುವಿಗೆ ಇಂಗ್ಲಿಷೂ ಬರುವುದಿಲ್ಲ, ತಾಯಿಯ ಮಾತೂ ಇಲ್ಲವಾಗುತ್ತದೆ. ಇದು ದೊಡ್ಡ ನಷ್ಟ. ಮಗುವಿಗೆ ಚೆನ್ನಾಗಿ ತಿಳಿದ ಭಾಷೆಯಿಂದಲೇ ಶಿಕ್ಷಣ ಆರಂಭವಾಗಬೇಕೆಂದು ಯುನೆಸ್ಕೊ 1953ರಷ್ಟು ಹಿಂದೆಯೇ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವಲ್ಲಿ 5ನೇ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಬೇಕೆನ್ನುತ್ತದೆ. ಶಾಲೆಯ ಮಾಧ್ಯಮವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಮನೆಯ ಮಾಧ್ಯಮ ನಮ್ಮ ಕೈಯಲ್ಲಿದೆ. ನಿಮಗೆ ಬೈಯಲು, ಮುದ್ದಿಸಲು, ಪ್ರಾರ್ಥಿಸಲು ಯಾವ ಭಾಷೆ ತಾನಾಗಿ ಬರುತ್ತದೋ ಆ ಭಾಷೆಯಲ್ಲಿಯೇ ಮಗುವಿಗೆ ಕಥೆ ಹೇಳಿ. ಒಂದು ಭಾಷೆಯಲ್ಲಿ ಕಥೆಯ ಎಳೆ ಹಿಡಿಯಲು ಕಲಿತ ಮಗು ಇನ್ನೊಂದು ಭಾಷೆಯಲ್ಲೂ ಅದನ್ನು ಹಿಡಿಯುತ್ತದೆ.

ಈ ಕೆಲಸಕ್ಕೆ ನಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರಿಗಿಂತ ಯೋಗ್ಯರು ಯಾರು? ಯೇಸುಸ್ವಾಮಿಗೆ ಅಜ್ಜ ಅಜ್ಜಿಯಾದವರ ಹಬ್ಬವಿದು. ಜಗದ್ಗುರು ಫ್ರಾನ್ಸಿಸ್ ಅವರು 2021ರಲ್ಲಿ ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅಜ್ಜ ಅಜ್ಜಿಯರ ಹಾಗೂ ಹಿರಿಯರ ವಿಶ್ವದಿನವೆಂದು ಸಾರಿದ್ದು ಇದೇ ಹಬ್ಬದ ಆಸುಪಾಸಿನಲ್ಲಿ ಅದು ಬರಲೆಂದೇ. ಸಂತ ಪೌಲರು ತಿಮೊಥೇಯನಿಗೆ ಪತ್ರ ಬರೆಯುವಾಗ ಅವನ ವಿಶ್ವಾಸ ಮೊದಲು ಅವನ ಅಜ್ಜಿಯಲ್ಲಿ, ನಂತರ ತಾಯಿಯಲ್ಲಿ ಇದ್ದುದನ್ನು ನೆನೆಯುತ್ತಾರೆ. ಆದರೆ ನಮ್ಮ ಮನೆಯ ಅಜ್ಜಿ ಒಂದು ಮೂಲೆಯಲ್ಲಿ ಟಿವಿಯ ಮುಂದೆ, ಮೊಮ್ಮಗು ಇನ್ನೊಂದು ಮೂಲೆಯಲ್ಲಿ ಮೊಬೈಲಿನ ಮುಂದೆ. ಅವರಿಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ. ನಡುವೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆಯಿರಿ. ಐದು ಸಾಲು, ಸಾಲಿಗೆ ಐದು ಮನೆ, ಒಟ್ಟು 25. ನಾಲ್ಕು ಕವಡೆ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಕವಡೆ ಇಲ್ಲದಿದ್ದರೆ ಒಂದು ಬದಿ ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜ ಸಾಕು. ಅಳಗುಳಿಮಣೆ ಇದ್ದರೆ ಇನ್ನೂ ಒಳ್ಳೆಯದು. ಎರಡು ಸಾಲು, ಸಾಲಿಗೆ 7 ಗುಳಿ, ಗುಳಿಗೆ ಐದರಂತೆ 70 ಬೀಜ. ಕೂಡುವುದು, ಕಳೆಯುವುದು, ಮುಂದಾಲೋಚನೆ, ಸೋಲನ್ನು ನಗುತ್ತಾ ಒಪ್ಪುವುದು, ಇವೆಲ್ಲವನ್ನೂ ಅಜ್ಜಿ ಒಂದು ಗಂಟೆಯಲ್ಲಿ ಕಲಿಸುತ್ತಾರೆ. ತಾನು ಕಲಿಸುತ್ತಿದ್ದೇನೆಂದು ಅಜ್ಜಿಗೂ ಗೊತ್ತಾಗುವುದಿಲ್ಲ, ಕಲಿಯುತ್ತಿದ್ದೇನೆಂದು ಮೊಮ್ಮಗುವಿಗೂ ಗೊತ್ತಾಗುವುದಿಲ್ಲ.

ಮೂರನೆಯ ಮಾತು: "ಟೈಮೇ ಇಲ್ಲ." ಇದು ಸುಳ್ಳಲ್ಲ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಬರುವ ತಂದೆಗೆ, ಎರಡು ಮೂರು ಮನೆಗಳಲ್ಲಿ ಕೆಲಸ ಮಾಡುವ ತಾಯಿಗೆ ಮಗುವಿಗೆಂದೇ ಒಂದು ಗಂಟೆ ತೆಗೆದಿಡುವುದು ಕಷ್ಟ. ಆದರೆ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ ಆರನೇ ಅಧ್ಯಾಯವನ್ನು ನೋಡಿ. ದೇವರ ಮಾತುಗಳನ್ನು ಮಕ್ಕಳಿಗೆ ಯಾವಾಗ ಕಲಿಸಬೇಕು ಎಂಬುದಕ್ಕೆ ಅಲ್ಲಿ ಪ್ರತ್ಯೇಕ ಪೀರಿಯಡ್ ಇಟ್ಟಿಲ್ಲ. ಮನೆಯಲ್ಲಿ ಕುಳಿತಾಗ, ದಾರಿಯಲ್ಲಿ ನಡೆವಾಗ, ಮಲಗುವಾಗ, ಏಳುವಾಗ ಎಂದು ಹೇಳಿದೆ. ಬೇರೆ ಕಲಿಕೆಗೂ ಇದೇ ವೇಳಾಪಟ್ಟಿ ಸಾಕು. ಹೇಗಿದ್ದರೂ ಮಾಡಲೇಬೇಕಾದ ಕೆಲಸಗಳ ನಡುವೆ ಮಗುವನ್ನು ಸೇರಿಸಿಕೊಂಡರಾಯಿತು.

ಬೆಳಿಗ್ಗೆ ಹಾಲು ತರಲು ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ. ಎರಡು ಅರ್ಧ ಲೀಟರ್ ಪ್ಯಾಕೆಟ್ ಸೇರಿದರೆ ಎಷ್ಟು? ಕೊಟ್ಟ ನೋಟಿಗೆ ಚಿಲ್ಲರೆ ಎಷ್ಟು ಬರಬೇಕು? ಮಗುವೇ ಎಣಿಸಿ ತೆಗೆದುಕೊಳ್ಳಲಿ. ಅಡುಗೆಮನೆಯಲ್ಲಿ ಇಡ್ಲಿ ತಟ್ಟೆಗೆ ನಾಲ್ಕು ಗುಳಿ ಇದ್ದರೆ ಮೂರು ತಟ್ಟೆಗೆ ಎಷ್ಟು ಇಡ್ಲಿ? ನಾಲ್ಕರ ಮಗ್ಗಿ ಅಲ್ಲಿಯೇ ಇದೆ. ದೋಸೆಯನ್ನು ಒಮ್ಮೆ ಮಡಚಿದರೆ ಅರ್ಧ, ಇನ್ನೊಮ್ಮೆ ಮಡಚಿದರೆ ಕಾಲು. ಬಾಗಿಲಲ್ಲಿ ರಂಗೋಲಿ ಹಾಕುವವರು 1, 3, 5, 7, 5, 3, 1 ಎಂದು ಚುಕ್ಕಿ ಇಡುವಾಗ ಮಗುವಿನಿಂದ ಇಡಿಸಿ, ಒಟ್ಟು ಎಷ್ಟಾಯಿತು ಎಂದು ಎಣಿಸಲಿ. ಇಲ್ಲಿಯೂ 25!

ದಾರಿಯಲ್ಲಿ ಹೋಗುವಾಗ ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು, ಬೀದಿಯ ಹೆಸರು ಎಲ್ಲವೂ ಪಠ್ಯಪುಸ್ತಕ. 'ಸಂಪಿಗೆ ರಸ್ತೆ' ಎಂದು ಮಗು ಕೂಡಿಸಿ ಓದಿದ ದಿನ ಒಂದು ಸಂಪಿಗೆ ಹೂವನ್ನೇ ತೋರಿಸಿ. 2023ರ ಜೂನ್ ತಿಂಗಳಲ್ಲಿ ಆರಂಭವಾದ ಶಕ್ತಿ ಯೋಜನೆಯಲ್ಲಿ ತಾಯಂದಿರಿಗೆ ಬಸ್ಸಿನಲ್ಲಿ ಸಿಗುವುದು ಶೂನ್ಯ ಟಿಕೆಟ್. ಸೊನ್ನೆ ಎಂದರೆ ಏನು ಎಂದು ಆರು ವರ್ಷದವರಿಗೆ ತಿಳಿಸುವುದು ಸುಲಭವಲ್ಲ. ಆ ಟಿಕೆಟನ್ನು ಮಗುವಿನ ಕೈಗಿಟ್ಟು, "ಅಮ್ಮ ಎಷ್ಟು ಕಾಸು ಕೊಟ್ಟಳು?" ಎಂದು ಕೇಳಿ. ಗಾಯತ್ರಿದೇವಿ ಪಾರ್ಕಿನ ಬಳಿ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವಿದೆ. ಅದರ ತಂತಿಗಳನ್ನು ಎಣಿಸಲು ಹೇಳಿ. ಏಳು. ಮಾಮೂಲಿ ಪಿಟೀಲಿಗೆ ನಾಲ್ಕೇ ತಂತಿ. ಚೌಡಯ್ಯನವರು ಏಳು ತಂತಿಯ ಪಿಟೀಲು ನುಡಿಸಿದವರು. ಏಳರಲ್ಲಿ ನಾಲ್ಕು ಕಳೆದರೆ? ಭಾನುವಾರ ಸಂಜೆ ಸ್ಯಾಂಕಿ ಕೆರೆಯ ಸುತ್ತ ನಡೆಯುತ್ತಾ ಹೋಗಿ. ಇದು 1882ರಲ್ಲಿ ಕಟ್ಟಿದ ಕೆರೆ, ನಿನ್ನ ಅಜ್ಜನಿಗಿಂತಲೂ ಹಿರಿಯದು ಎನ್ನಿ. ಅಲ್ಲಿ ಕಂಡ ಹಕ್ಕಿಗಳ ಹೆಸರನ್ನು ಮಗು ಮನೆಗೆ ಬಂದು ಒಂದು ಹಳೆಯ ಡೈರಿಯಲ್ಲಿ ಬರೆಯಲಿ. ಕಾಗುಣಿತ ತಪ್ಪಿದರೆ ಅಂದು ಬಿಟ್ಟುಬಿಡಿ.

ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಹೂವು ಕೊಳ್ಳುವಾಗ ಮೊಳ ಹಾಕುವುದನ್ನು ಮಗು ನೋಡಿರುತ್ತದೆ. ಮನೆಗೆ ಬಂದು ಮೇಜನ್ನು ಮೊದಲು ಅಪ್ಪನ ಗೇಣಿನಲ್ಲಿ ಅಳೆಯಲಿ, ಆಮೇಲೆ ತನ್ನ ಗೇಣಿನಲ್ಲಿ. ಮೇಜು ಒಂದೇ, ಲೆಕ್ಕ ಮಾತ್ರ ಎರಡು! ಯಾಕೆ ಹೀಗೆ? ಈ ಪ್ರಶ್ನೆ ಮಗುವಿನ ಬಾಯಿಂದಲೇ ಬರುವವರೆಗೆ ಕಾಯಿರಿ. ಆಗ ಸ್ಕೇಲು ಏಕೆ ಬೇಕು ಎಂಬುದು ಅದಕ್ಕೆ ಇನ್ನೆಂದೂ ಮರೆಯದು.

ರಾತ್ರಿ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಜಪಸರವನ್ನು ಮಗುವಿನ ಕೈಗೆ ಕೊಡಿ. ಪ್ರಾರ್ಥನೆಯ ಹೊತ್ತಿನಲ್ಲಿ ಲೆಕ್ಕ ಬೇಡ, ಆಮೇಲೆ. ಹತ್ತು ಮಣಿಯ ಒಂದು ಗುಂಪು, ಅಂಥವು ಐದು. ಹತ್ತು, ಇಪ್ಪತ್ತು, ಮೂವತ್ತು ಎಂದು ಐವತ್ತಕ್ಕೆ ಬರಲಿ. ಕೆಳಗಿನ ಮೂರು ನಮೋ ಮರಿಯ ಮಣಿ ಸೇರಿಸಿದರೆ 53. ಐದು ಹತ್ತು, ಮೂರು ಬಿಡಿ. ಬಿಡಿ, ಹತ್ತು ಎಂಬ ಸ್ಥಾನಬೆಲೆಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಹಲಗೆ ಹೇಳಿಕೊಟ್ಟೀತು?

ಮಲಗುವ ಮುನ್ನ ಒಂದು ಕಥೆ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಅವರಂಥ ಹಿರಿಯರು ಪುಟ್ಟ ಮಕ್ಕಳಿಗೆಂದೇ ಕನ್ನಡದಲ್ಲಿ ಬರೆದಿಟ್ಟಿದ್ದಾರೆ. ನಮ್ಮ ಬೆಂಗಳೂರಿನಲ್ಲಿಯೇ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆ ಕಡಿಮೆ ಬೆಲೆಗೆ ಮಕ್ಕಳ ಚಿತ್ರಪುಸ್ತಕಗಳನ್ನು ತರುತ್ತಿದೆ. 2015ರಿಂದ ಅವರ 'ಸ್ಟೋರಿವೀವರ್' ತಾಣದಲ್ಲಿ ಕನ್ನಡ, ತಮಿಳು, ಕೊಂಕಣಿ ಮೊದಲಾದ ಭಾಷೆಗಳ ಕಥೆಗಳು ಉಚಿತವಾಗಿ ಸಿಗುತ್ತವೆ. ಹೇಗಿದ್ದರೂ ಮೊಬೈಲ್ ಮಗುವಿನ ಕೈಗೆ ಹೋಗುತ್ತದೆ ಎನ್ನುವವರು ಅದನ್ನು ತಮ್ಮ ಕೈಯಲ್ಲೇ ಹಿಡಿದು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕಥೆ ಓದಲಿ. ಈ ಕೆಲಸ ತಾಯಂದಿರಿಗೆ ಮಾತ್ರ ಎಂದು ತಂದೆಯರು ತಿಳಿಯಬಾರದು. ಸಂತ ಜೋಸೆಫರು ಯೇಸುವಿಗೆ ಬಡಗಿ ಕೆಲಸ ಕಲಿಸಿದ್ದು ತಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡೇ ಅಲ್ಲವೇ? ಮನೆಯ ಫ್ಯಾನ್ ಸರಿಮಾಡುವಾಗ, ಸ್ಕೂಟರ್ ಒರೆಸುವಾಗ ಮಗು ಸ್ಪ್ಯಾನರ್ ಹಿಡಿದು ಪಕ್ಕದಲ್ಲಿರಲಿ. ಅದರ ನೂರು ಪ್ರಶ್ನೆಗಳಿಗೆ ಹತ್ತಕ್ಕಾದರೂ ಉತ್ತರಿಸಿ.

ಪ್ರಿಯರೇ, ಇನ್ನು ಎರಡು ಎಚ್ಚರಿಕೆಯ ಮಾತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಹೇಳಿ ಮಗುವಿನ ಮೇಲೆ ಕೈ ಎತ್ತುವವರಿದ್ದಾರೆ. ಆದರೆ ಗಿಡವನ್ನು ಬಗ್ಗಿಸುವ ತೋಟಗಾರ ಕೊಡಲಿ ಹಿಡಿಯುವುದಿಲ್ಲ. ನೀರು ಹಾಕುತ್ತಾನೆ, ಪಕ್ಕದಲ್ಲೊಂದು ಕೋಲು ನೆಟ್ಟು ಮೆಲ್ಲನೆ ಕಟ್ಟುತ್ತಾನೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಶಾಲೆಯಲ್ಲಿ ನಿಂತ ಬೆತ್ತ ಮನೆಯಲ್ಲಿ ಏಳಬಾರದು. ಹೊಡೆತಕ್ಕಿಂತ ಆಳವಾಗಿ ನೋಯಿಸುವುದು ಹೋಲಿಕೆ. "ಪಕ್ಕದ ಮನೆಯವಳನ್ನ ನೋಡು" ಎಂಬ ಒಂದು ಮಾತು ಮಗುವಿನೊಳಗೆ ವರ್ಷಗಟ್ಟಲೆ ಕುಳಿತಿರುತ್ತದೆ.

ಎರಡನೆಯದಾಗಿ, ಎಷ್ಟು ಪ್ರೀತಿಯಿಂದ ಕಲಿಸಿದರೂ ಕೆಲವು ಮಕ್ಕಳಿಗೆ ಅಕ್ಷರ ನಿಲ್ಲುವುದಿಲ್ಲ. ಬಾಯಲ್ಲಿ ಚುರುಕು, ಆಟದಲ್ಲಿ ಚುರುಕು, ಓದಲು ಕುಳಿತರೆ ಮಾತ್ರ ಕಣ್ಣೀರು. ಇಂಥ ಮಗುವನ್ನು ಸೋಮಾರಿ, ದಡ್ಡ ಎನ್ನುವುದಕ್ಕೆ ಮುನ್ನ ಅದರ ಕಣ್ಣು, ಕಿವಿಗಳನ್ನು ವೈದ್ಯರಿಗೆ ತೋರಿಸಿ. ಅವು ಸರಿಯಿದ್ದರೆ ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆ ಇರಬಹುದು. ಅದು ಬುದ್ಧಿಯ ಕೊರತೆಯಲ್ಲ, ತಂದೆತಾಯಿಯ ತಪ್ಪೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಗುರುತಿಸಿದೆ. ನಮ್ಮ ನಗರದ ನಿಮ್ಹಾನ್ಸ್‌ನಲ್ಲಿ ಇದರ ಪರೀಕ್ಷೆಯೂ ಮಾರ್ಗದರ್ಶನವೂ ದೊರೆಯುತ್ತವೆ. ಬೇಗ ಗುರುತಿಸಿದಷ್ಟೂ ಮಗುವಿಗೆ ಒಳ್ಳೆಯದು. ಮುಚ್ಚಿಟ್ಟುಕೊಂಡು ಕೊರಗಬೇಡಿ, ಮುಚ್ಚಿಡಲು ಅದರಲ್ಲಿ ನಾಚಿಕೆಯ ವಿಷಯವೇನೂ ಇಲ್ಲ.

ಯೇಸುಸ್ವಾಮಿ ನಜರೇತಿನಲ್ಲಿ ತಂದೆತಾಯಿಗೆ ವಿಧೇಯರಾಗಿದ್ದು, ವಯಸ್ಸಿನಲ್ಲಿಯೂ ಜ್ಞಾನದಲ್ಲಿಯೂ ಬೆಳೆದರೆಂದು ಸಂತ ಲೂಕರು ತಿಳಿಸುತ್ತಾರೆ. ದೇವಪುತ್ರರೇ ಮೂವತ್ತು ವರ್ಷ ಒಂದು ಸಾಮಾನ್ಯ ಮನೆಯಲ್ಲಿ ಬೆಳೆದರು, ಕಲಿತರು. ಅವರಿಗೆ ಮೊದಲ ಮಾತು ಕಲಿಸಿದವರು ಮರಿಯಮ್ಮ. ಮರಿಯಮ್ಮನವರಿಗೆ ಕಲಿಸಿದವರು ಅನ್ನಮ್ಮ. ಒಂದು ತಲೆಮಾರು ಇನ್ನೊಂದರ ಬೆರಳು ಹಿಡಿದು ನಡೆಸಿದ್ದರಿಂದಲೇ ರಕ್ಷಣೆಯ ಕಾರ್ಯ ಮುಂದೆ ಸಾಗಿತು.

ಈ ವಾರ ಪ್ರತಿ ಕುಟುಂಬವೂ ಒಂದು ಚಿಕ್ಕ ನಿರ್ಧಾರ ಮಾಡಲಿ. ಎಲ್ಲ ಚಟುವಟಿಕೆಗಳನ್ನೂ ಒಟ್ಟಿಗೆ ಮಾಡಲು ಹೋಗಬೇಡಿ, ಮಗುವಿಗೂ ಸಾಕಾಗುತ್ತದೆ, ನಿಮಗೂ ಸಾಕಾಗುತ್ತದೆ. ಒಂದನ್ನು ಆರಿಸಿಕೊಳ್ಳಿ. ದಿನಕ್ಕೆ ಇಪ್ಪತ್ತು ನಿಮಿಷ ಟಿವಿ, ಮೊಬೈಲ್ ಎರಡನ್ನೂ ಆರಿಸಿ ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕೂತುಕೊಳ್ಳಿ. ಪರೀಕ್ಷೆ ಮಾಡಬೇಡಿ, ಅಂಕ ಕೊಡಬೇಡಿ. ಅದು ಓದಲಿ, ನೀವು ಕೇಳಿ. ಅದು ಎಣಿಸಲಿ, ನೀವು ಕಾಯಿರಿ. ಮನೆ ಎರಡನೇ ಶಾಲೆಯಾಗುವುದು ಬೇಡ. ಶಾಲೆಯಲ್ಲಿ ಸೋತು ಬಂದ ದಿನವೂ ಮಗು ಧೈರ್ಯವಾಗಿ ಬಾಯಿ ತೆರೆದು ಓದಬಹುದಾದ ಜಾಗವಾಗಿ ಅದು ಉಳಿದರೆ ಸಾಕು.

ಸಂತ ಅನ್ನಮ್ಮ ಮತ್ತು ಸಂತ ಜೋವಾಕಿಂ ನಮ್ಮ ಅಜ್ಜ ಅಜ್ಜಿಯರನ್ನು ಹರಸಲಿ, ದುಡಿದು ದಣಿದು ಬರುವ ತಂದೆತಾಯಂದಿರಿಗೆ ತಾಳ್ಮೆ ದಯಪಾಲಿಸಲು ಪ್ರಭುವಿನಲ್ಲಿ ಬೇಡಲಿ. ನಮ್ಮ ಪುಟಾಣಿಗಳು ಬಾಲಯೇಸುವಿನಂತೆ ಜ್ಞಾನದಲ್ಲಿಯೂ ಪ್ರೀತಿಯಲ್ಲಿಯೂ ಬೆಳೆಯಲಿ. ಪಿತನ, ಪುತ್ರನ, ಪವಿತ್ರಾತ್ಮರ ನಾಮದಲ್ಲಿ. ಆಮೆನ್.